ಹೊಸತೊಡಕಿಗೆ ನನ್ನನ್ನು ಯಾಕೆ ಕರೆಯಲಿಲ್ಲ?

ಗೆಳೆಯಾ,

ಹಬ್ಬ ಮುಗಿದು ಹತ್ತು ದಿನ ಆಯ್ತು. ನಿನಗೆ ಫೋನ್ ಮಾಡೋಣ ಅಂತ ಎರಡು ಸಲ ಮೊಬೈಲ್ ಕೈಗೆ ತಗೊಂಡೆ, ಮಾತು ಹೇಗೆ ಶುರು ಮಾಡೋದು ಗೊತ್ತಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ. ನಮ್ಮಂಥ ಗೆಳೆಯರು ಬೇಕಾದಷ್ಟು ಜನ ಇದ್ದಾರೆ, ಅವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ಈ ಸಲ ಹೊಸತೊಡಕಿಗೆ, ಅಂದರೆ ಯುಗಾದಿ ಮಾರನೇ ದಿನದ ಮಾಂಸದೂಟಕ್ಕೆ, ಎಲ್ಲರೂ ನಿಮ್ಮ ಮನೆಯಲ್ಲಿ ಸೇರಿದ್ದು ಫೋಟೋ ನೋಡಿ ಗೊತ್ತಾಯ್ತು. ಅದೇ ಹಿತ್ತಿಲು, ಅದೇ ದೊಡ್ಡ ಪಾತ್ರೆ, ಎಲೆ ಮುಂದೆ ಕೂತ ನಮ್ಮ ಕ್ಲಾಸಿನ ಏಳು ಜನ. ನಾನೊಬ್ಬನೇ ಇಲ್ಲ. ಯಾಕೆ ಅಂತ ಅವರಲ್ಲೊಬ್ಬನನ್ನು ಕೇಳಿದೆ. "ನೀನು ತಿನ್ನಲ್ವಲ್ಲ. ಎದುರಿಗೆ ಕೂತು ತಿಂದರೆ ನಿನಗೆ ಹಿಂಸೆ ಆಗುತ್ತೆ ಅಂತ ಅವನೇ ಬೇಡ ಅಂದ" ಅಂತ ಹೇಳಿದ.

ನೀನು ನನ್ನ ಒಳ್ಳೆಯದಕ್ಕೇ ಯೋಚಿಸಿದ್ದೀಯ. ಆದರೂ ನೋವಾಯ್ತು ಕಣೋ.

ನಮ್ಮೂರು ಮದ್ದೂರಿನ ಕಡೆ, ನಿನಗೆ ಗೊತ್ತು. ಯುಗಾದಿ ದಿನ ಒಬ್ಬಟ್ಟು, ಮಾರನೇ ದಿನ ಬಾಡು. ಹತ್ತು ಮನೆಯವರು ದುಡ್ಡು ಹಾಕಿ ಕುರಿ ತರುತ್ತಿದ್ದರು. ಬೆಳಗ್ಗೆ ತೋಪಿನಲ್ಲಿ ಕೊಯ್ದು, ಎಲೆ ಹಾಸಿ, ಗುಡ್ಡೆ ಗುಡ್ಡೆ ಮಾಡಿ ಪಾಲು ಹಾಕುತ್ತಿದ್ದರು. ಅಪ್ಪನ ಹಿಂದೆ ಪಾತ್ರೆ ಹಿಡಿದುಕೊಂಡು ನಾನೂ ಹೋಗುತ್ತಿದ್ದೆ. ಆ ವಾಸನೆ ನನಗೆ ಹಿಂಸೆ ಅಲ್ಲ, ನಮ್ಮನೆ ಹಬ್ಬದ ವಾಸನೆ ಅದು. ತಿನ್ನೋಕೆ ಮಾತ್ರ ಆಗುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಅಷ್ಟೇ, ಬಾಯಿಗಿಟ್ಟರೆ ಒಳಗೆ ಇಳಿಯುತ್ತಿರಲಿಲ್ಲ. ಜನ ಇದರ ಹಿಂದೆ ಒಂದು ಕಥೆ ಇರಬೇಕು ಅಂತ ಕಾಯುತ್ತಾರೆ. ಹರಕೆನಾ, ಯಾರಾದ್ರೂ ಗುರುಗಳು ಹೇಳಿದ್ರಾ, ಸಾಕಿದ ಮರಿ ಕೊಯ್ದಿದ್ದು ನೋಡಿದ್ಯಾ ಅಂತ ಕೇಳುತ್ತಾರೆ. ಅಂಥದ್ದೇನೂ ಇಲ್ಲ.

ಅಜ್ಜಿ ಇದನ್ನು ಯಾವತ್ತೂ ದೊಡ್ಡ ವಿಷಯ ಮಾಡಲಿಲ್ಲ. ಒರಳಿನಲ್ಲಿ ಮಸಾಲೆ ರುಬ್ಬಿ ಮುಗಿಸಿದ ಮೇಲೆ, ಬಾಡಿನ ಪಾತ್ರೆಗೆ ಹಾಕೋ ಮುಂಚೆ, ಒಂದು ಹಿಡಿ ತೆಗೆದು ಸಣ್ಣ ಬಟ್ಟಲಿಗೆ ಹಾಕಿಡುತ್ತಿದ್ದಳು. ಯುಗಾದಿ ಹೊತ್ತಿಗೆ ಎಳೆ ಹಲಸಿನಕಾಯಿ ಸಿಗುತ್ತಲ್ಲ. ಈಳಿಗೆ ಮಣೆಗೂ ಕೈಗೂ ಎಣ್ಣೆ ಸವರಿಕೊಂಡು ಅಂಟಾಗದ ಹಾಗೆ ಹೆಚ್ಚುತ್ತಿದ್ದಳು. ಅದೇ ಚಕ್ಕೆ, ಲವಂಗ, ಗಸಗಸೆ, ಅದೇ ಕೊತ್ತಂಬರಿ. ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂತು ಅದೇ ಮುದ್ದೆ ಮುರಿಯುತ್ತಿದ್ದೆ. ಸಾರು ಮಾತ್ರ ಬೇರೆ. ನಮ್ಮ ದೊಡ್ಡಪ್ಪ ನನ್ನ ತಟ್ಟೆಯಿಂದ ಎರಡು ಹೋಳು ಹಲಸಿನಕಾಯಿ ಎತ್ತಿಕೊಳ್ಳದೆ ಊಟ ಮುಗಿಸಿದ್ದೇ ಇಲ್ಲ.

ನನ್ನ ಊಟಕ್ಕೆ ಜಾತಿ ಅಂಟಿದ್ದು ಊರು ಬಿಟ್ಟ ಮೇಲೆ. ಮೈಸೂರಿನ ಹಾಸ್ಟೆಲ್‌ನಲ್ಲಿ ಮೊದಲ ವಾರವೇ ಪುಳ್ಚಾರ್ ಅಂತ, ಬ್ರಾಹ್ಮಣರನ್ನು ಆಡಿಕೊಳ್ಳೋ ಹೆಸರಿಟ್ಟರು. ಆಮೇಲೆ ಕೆಲಸದ ಜಾಗದಲ್ಲಿ, "ಓ, ನಿಮ್ಮಲ್ಲಿ ತಿನ್ನಲ್ವಾ?" ಅಂತ ಕೇಳುವುದು ಶುರುವಾಯ್ತು. ಆ 'ನಿಮ್ಮಲ್ಲಿ' ಅನ್ನೋ ಮಾತಿಗೆ ಏನರ್ಥ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಸಸ್ಯಾಹಾರಿ ಅಂದರೆ ಬ್ರಾಹ್ಮಣ, ಇಲ್ಲ ಅಂದರೆ ಲಿಂಗಾಯತ, ಜೈನ. ನಾಲ್ಕನೆಯದು ಇಲ್ಲವೇ ಇಲ್ಲ. ಆದರೆ ನಮ್ಮ ಕರಾವಳಿಯ ಸಾರಸ್ವತ ಬ್ರಾಹ್ಮಣರ ಎಷ್ಟೋ ಮನೆಗಳಲ್ಲಿ ಮೀನು ಬೇಯುತ್ತೆ. ಬಂಗಾಳದ ಬ್ರಾಹ್ಮಣರಿಗೆ ಮೀನಿಲ್ಲದೆ ಮದುವೆ ಊಟವೇ ಇಲ್ಲ. ಕಾಶ್ಮೀರಿ ಪಂಡಿತರು ಮಟನ್ ತಿನ್ನುತ್ತಾರೆ. ನನ್ನಂತೆ ಬಾಡಿನ ಮನೆಯಲ್ಲಿ ಹುಟ್ಟಿ ತಿನ್ನದವರೂ ಇದ್ದಾರೆ. ಹೊರದೇಶದವರು ಇಂಡಿಯಾ ಅಂದರೆ ಪೂರ್ತಿ ಸಸ್ಯಾಹಾರಿಗಳ ದೇಶ ಅಂದುಕೊಂಡಿದ್ದಾರೆ. 2014ರಲ್ಲಿ ಸರ್ಕಾರವೇ ಮಾಡಿಸಿದ ಸಮೀಕ್ಷೆ ಪ್ರಕಾರ, 15 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 71 ಜನ ಮಾಂಸಾಹಾರಿಗಳು. ಕರ್ನಾಟಕದಲ್ಲಿ ಅದು 79ರ ಹತ್ತಿರ. ಅಂದರೆ ಐದು ಜನರಲ್ಲಿ ಒಬ್ಬ ನಾನು.

ಅಕ್ಕನ ಮಗಳಿಗೂ ಇದು ತಪ್ಪಲಿಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಊಟದ ಜೊತೆ ಮೊಟ್ಟೆ, ಬೇಡ ಅಂದವರಿಗೆ ಬಾಳೆಹಣ್ಣು. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರುವಾಗಿ, ಆಮೇಲೆ ರಾಜ್ಯಕ್ಕೆಲ್ಲ ಬಂತಲ್ಲ, ಅದೇ. ಇವಳು ಬಾಳೆಹಣ್ಣು ತಗೊಂಡಿದ್ದಕ್ಕೆ ಪಕ್ಕದ ಹುಡುಗಿ "ನೀವು ಅಯ್ನೋರಾ?" ಅಂತ ಕೇಳಿದಳಂತೆ. ಏಳು ವರ್ಷದ ಮಕ್ಕಳು! ಮೊಟ್ಟೆ ಕೊಡಲೇಬಾರದು ಅಂತ ಆಗ ಕೆಲವರು ಗಲಾಟೆ ಮಾಡಿದರು, ಅದೂ ಸಸ್ಯಾಹಾರಿಗಳ ಹೆಸರಿನಲ್ಲಿ. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ, ಬೇಕು ಅನ್ನೋ ಮಗುವಿಗೆ ದಿನಾ ಕೊಡಿ ಅನ್ನುತ್ತಿದ್ದೆ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಇಷ್ಟು ವರ್ಷ ನಾವಿಬ್ಬರೂ ಅದನ್ನು ಎತ್ತಿಲ್ಲ.

ಬೆಂಗಳೂರಿಗೆ ಬಂದ ಹೊಸದರಲ್ಲಿ ಇಬ್ಬರೂ ಸೇರಿ ಮನೆ ಹುಡುಕಿದ್ದು ನೆನಪಿದೆಯಾ? ಮಹಡಿ ಮೇಲಿನ ಆ ಎರಡು ರೂಮಿನ ಮನೆ. ಓನರ್ ಕಾಫಿ ಕೊಟ್ಟು, "ವೆಜ್ಜಾ, ನಾನ್‌ವೆಜ್ಜಾ?" ಅಂತ ಕೇಳಿದರು. ನಾನು ತಿನ್ನಲ್ಲ ಸರ್ ಅಂದೆ. ಅವರ ಮುಖ ಅರಳಿತು. "ನೋಡಿದ ತಕ್ಷಣ ಅಂದುಕೊಂಡೆ, ಒಳ್ಳೇ ಮನೆತನದ ಹುಡುಗ ಅಂತ" ಅಂದರು. ಆಮೇಲೆ ನಿನ್ನ ಕಡೆ ತಿರುಗಿದರು. ನೀನು "ತಿಂತೀನಿ ಸರ್" ಅಂತ ನೇರವಾಗಿ ಹೇಳಿದೆ. ಅವರು ನಿನ್ನ ಮುಖ ನೋಡದೆ ನನಗೇ ಹೇಳಿದರು, "ನಿಮಗೊಬ್ಬರಿಗಾದರೆ ಕೊಡ್ತೀನಿ."

ನಾನು ಆಗಲೇ ಎದ್ದು ಬರಬೇಕಿತ್ತು. ನಮ್ಮಪ್ಪ, ಅವ್ವ ಎಲ್ಲರೂ ತಿನ್ನುವವರು ಸರ್, ನೀವು ಹೇಳಿದ ಒಳ್ಳೇ ಮನೆತನ ಅದೇ ಅಂತ ಹೇಳಬೇಕಿತ್ತು. ಸುಮ್ಮನಿದ್ದೆ. ಹೊರಗೆ ಬಂದ ಮೇಲೆ ನೀನೇ "ತಗೊಳ್ಳೋ, ನಿನ್ನ ಆಫೀಸಿಗೆ ಹತ್ತಿರ" ಅಂದೆ. ಟೀ ಕುಡಿಯುವಾಗ ನೀನೇ ಕ್ರಿಕೆಟ್ ವಿಷಯ ತೆಗೆದೆ. ನಾನು ಮಾರನೇ ದಿನ ಅಡ್ವಾನ್ಸ್ ಕೊಟ್ಟೆ. ನೀನು ಊರಾಚೆ ರೂಮು ಮಾಡಿಕೊಂಡು ದಿನಾ ಎರಡು ಬಸ್ ಹಿಡಿದೆ.

ಇದು ನಿನಗೆ ಗೊತ್ತಿರೋದು. ಗೊತ್ತಿಲ್ಲದ್ದು ಇನ್ನೊಂದಿದೆ. ಆ ಮನೆಗೆ ಒಂದು ಸಲ ಅವ್ವ ಬಂದಿದ್ದಳು. ದಾರಿಯಲ್ಲಿ ಉಣ್ಣೋಕೆ ಅಂತ ನಾಟಿ ಕೋಳಿ ಸಾರು ಡಬ್ಬಿಗೆ ಹಾಕಿಕೊಂಡಿದ್ದಳು, ಬಸ್ಸಿನಲ್ಲಿ ಉಣ್ಣೋಕೆ ಆಗಿರಲಿಲ್ಲ. ಅವಳು ಬಿಸಿ ಮಾಡೋಕೆ ಸ್ಟವ್ ಹತ್ತಿಸಿದಳು. ನಾನು ಓಡಿ ಹೋಗಿ ಆರಿಸಿ, ಕಿಟಕಿ ಹಾಕಿದೆ. ಕೆಳಗಡೆ ಓನರ್‌ಗೆ ವಾಸನೆ ಹೋಗುತ್ತೆ ಅವ್ವ ಅಂದೆ. ಅವಳು ಏನೂ ಅನ್ನಲಿಲ್ಲ. ರೂಮಿನ ಮೂಲೆಯಲ್ಲಿ ಕೂತು ತಣ್ಣಗಿನ ಸಾರಿನಲ್ಲೇ ಅನ್ನ ಕಲಸಿಕೊಂಡು ಉಂಡಳು. ಮೂಳೆಗಳನ್ನು ಪೇಪರಿನಲ್ಲಿ ಸುತ್ತಿ, ಡಬ್ಬಿ ಒಳಗೆ ಹಾಕಿ, ಊರಿಗೇ ವಾಪಸ್ ತಗೊಂಡು ಹೋದಳು. ನನ್ನನ್ನು ಅಯ್ಯೋ ಪಾಪ ಅನ್ನೋ ಹಾಗೆ ನೋಡಿದಳು. ಆ ನೋಟ ಇವತ್ತಿಗೂ ಮರೆತಿಲ್ಲ. ಎರಡು ತಿಂಗಳಲ್ಲಿ ಆ ಮನೆ ಬಿಟ್ಟೆ. ನಿನಗೆ ನೀರಿನ ತೊಂದರೆ ಅಂತ ಸುಳ್ಳು ಹೇಳಿದೆ.

ನೀನು ನನ್ನನ್ನು ಹೊಸತೊಡಕಿಗೆ ಕರೆಯದೇ ಇದ್ದದ್ದಕ್ಕೂ ಆ ದಿನಕ್ಕೂ ಸಂಬಂಧ ಇದೆ ಅಂತ ನನಗನ್ನಿಸುತ್ತೆ. ಇವನು ತಿನ್ನಲ್ಲ ಅಂದರೆ ತಿನ್ನೋರನ್ನು ಕೀಳಾಗಿ ನೋಡ್ತಾನೆ ಅಂತ ನಿನಗೆ ಅನ್ನಿಸಿದ್ದರೆ, ಅದಕ್ಕೆ ಕಾರಣ ನನ್ನ ಮೌನವೇ. ತಪ್ಪಾಯ್ತು ಕಣೋ.

ಉಳಿದ ಮಾತುಗಳು ನನಗೆ ಅಷ್ಟು ತಾಗುವುದಿಲ್ಲ. ಸೊಪ್ಪು ಸದೆ ತಿಂದು ಶಕ್ತಿ ಎಲ್ಲಿಂದ ಬರುತ್ತೆ ಅಂತ ಜಿಮ್‌ನ ಹುಡುಗ ಕೇಳುತ್ತಾನೆ. ಮುದ್ದೆ ಜೊತೆ ಹುರುಳಿಕಾಳಿನ ಬಸ್ಸಾರು ಉಂಡು ಗದ್ದೆ ಉತ್ತವರು ನಮ್ಮ ತಾತಂದಿರು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಅನ್ನೋ ಪ್ರೋಟೀನಿನ ಅಂಶ ಕಾಳಿನಲ್ಲಿ ಜಾಸ್ತಿ ಇರುತ್ತೆ, ಎರಡೂ ಸೇರಿದರೆ ಸರಿಹೋಗುತ್ತೆ. ಆದರೆ ಸಸ್ಯಾಹಾರಿಗಳಿಗೆ ಬಿ12 ವಿಟಮಿನ್ ಕಡಿಮೆ ಆಗಬಹುದು ಅನ್ನೋದು ನಿಜ. ಅದು ಕಾಳು, ಸೊಪ್ಪಿನಲ್ಲಿ ಸಿಗಲ್ಲ, ಹಾಲು ಮೊಸರಿನಲ್ಲಿ ಸ್ವಲ್ಪ ಇರುತ್ತೆ ಅಷ್ಟೇ. ಹೋದ ವರ್ಷ ಕೈಕಾಲು ಜೋಮು ಹಿಡಿದು ಟೆಸ್ಟ್ ಮಾಡಿಸಿದಾಗ ನನಗೆ ಕಡಿಮೆ ಇತ್ತು. ಈಗ ಮಾತ್ರೆ ತಗೊಳ್ಳುತ್ತಿದ್ದೇನೆ.

ಹೊಗಳಿಕೆಯೂ ಬೇಡ. ಸಸ್ಯಾಹಾರಿಗಳು ಸಾತ್ವಿಕರು, ಕೋಪ ಬರಲ್ಲ, ಮನಸ್ಸು ಮೃದು ಅನ್ನುತ್ತಾರೆ. ಅವ್ವನ ಸ್ಟವ್ ಆರಿಸಿದ್ದು ಇದೇ ಕೈ. ಎರಡು ಬಸ್ ಹಿಡಿದುಕೊಂಡು ನನಗೆ ಜ್ವರ ಬಂದಾಗ ಗಂಜಿ ತಂದಿದ್ದು ನೀನು. ಇನ್ನೊಂದು ವಿಷಯ, ಸೋಮವಾರ ನೀನು ತಿನ್ನಲ್ಲ, ಶನಿವಾರ ತಿನ್ನಲ್ಲ, ಶ್ರಾವಣ ಪೂರ್ತಿ ತಿನ್ನಲ್ಲ. ವರ್ಷದಲ್ಲಿ ಎಷ್ಟೋ ದಿನ ನಮ್ಮಿಬ್ಬರ ತಟ್ಟೆಯಲ್ಲೂ ಅದೇ ಸೊಪ್ಪಿನ ಸಾರು ಇರುತ್ತೆ, ಅಲ್ವಾ?

ಮುಂದಿನ ಹೊಸತೊಡಕಿಗೆ ನೀನು ಕರೆಯದಿದ್ದರೂ ಬರುತ್ತೇನೆ. ಎಳೆ ಹಲಸಿನಕಾಯಿ ನಾನೇ ಊರಿಂದ ತರುತ್ತೇನೆ. ಹೆಚ್ಚೋದೂ ನಾನೇ. ಬಾಡಿನ ಪಾತ್ರೆಗೆ ಮಸಾಲೆ ಹಾಕೋ ಮುಂಚೆ ಒಂದು ಹಿಡಿ ತೆಗೆದಿಡೋಕೆ ನಿಮ್ಮವ್ವನಿಗೆ ಹೇಳಿರು.

ನಿನ್ನ,
ಹಳೇ ರೂಮ್‌ಮೇಟ್ ಆಗಬೇಕಿದ್ದವನು