ಇನ್ನು ಮುಂದೆ ಪಾರ್ಟ್ ಯಾವ ಮಷೀನ್‌ನದು ಎಂದು ಕೊಟೇಶನ್‌ನಲ್ಲೇ ಬರೆಯುತ್ತೇವೆ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನೈಲಾನ್ ಪಾರ್ಟ್‌ಗಳ, ಅಂದರೆ ನೈಲಾನ್ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಬೆಸೆದು ಮಾಡುವ (3ಡಿ ಪ್ರಿಂಟಿಂಗ್) ಪಾರ್ಟ್‌ಗಳ ಕೆಲಸದ ಕ್ರಮ ಬದಲಾಗುತ್ತಿದೆ. ನಿಮ್ಮ ಪಾರ್ಟ್ ನಮ್ಮ ಎರಡು ಲೇಸರ್ ಮಷೀನ್‌ಗಳಲ್ಲಿ ಯಾವುದರಲ್ಲಿ ಆಗುತ್ತದೆ ಎಂದು ಕೊಟೇಶನ್‌ನಲ್ಲೇ ಬರೆದು ಕೊಡುತ್ತೇವೆ. ಆಮೇಲೆ ನಿಮ್ಮನ್ನು ಕೇಳದೆ ಇನ್ನೊಂದಕ್ಕೆ ಹಾಕುವುದಿಲ್ಲ. ಪ್ರತಿ ಬಿಲ್ಡ್‌ನಲ್ಲೂ (ಮಷೀನ್ ಒಂದು ಸಲ ಓಡಿ ಪಾರ್ಟ್‌ಗಳನ್ನು ಒಟ್ಟಿಗೆ ಮಾಡುವ ಸುತ್ತು) ಪರೀಕ್ಷೆಗೆಂದೇ ಮಾಡುವ ಟೆಸ್ಟ್ ಬಾರ್‌ಗಳನ್ನು ಇಟ್ಟು, ಅವನ್ನು ಮುರಿಯುವ ತನಕ ಎಳೆದು ನೋಡಿದ ಅಂಕಿಗಳನ್ನು ಪಾರ್ಟ್ ಜೊತೆಗೇ ಕಳಿಸುತ್ತೇವೆ. ಇದರಿಂದ ದರ ಸ್ವಲ್ಪ ಏರುತ್ತದೆ. ಕೆಲವು ಸಲ ಡೆಲಿವರಿ ತಡವೂ ಆಗುತ್ತದೆ. ಅವಸರದಲ್ಲಿ ಇರುವವರಿಗೆ ಇದು ತೊಂದರೆ ಅಂತ ಗೊತ್ತು, ಅದಕ್ಕೆ ಕ್ಷಮೆ ಕೇಳುತ್ತೇವೆ.

ನಿಮ್ಮಲ್ಲಿ ತುಂಬಾ ಜನ ಕೇಳಿದ ಮಾತು ಒಂದೇ. "ಅದೇ ಫೈಲ್, ಅದೇ ನೈಲಾನ್. ಹೋದ ಸಲ ಕ್ಲಿಪ್ ಚೆನ್ನಾಗಿ ಬಾಗ್ತಿತ್ತು, ಈ ಸಲ ಪಟ್ ಅಂತ ಮುರೀತು. ಹಳೇ ಪುಡಿ ಜಾಸ್ತಿ ಹಾಕಿದ್ರಾ?" ಈ ಮಾತು ನಮಗೆ ನಿಜವಾಗಿ ನೋವು ಕೊಟ್ಟಿದೆ. ಹಾಗಾಗಿ ಇದಕ್ಕೆ ಪೂರ್ತಿ ಉತ್ತರ ಕೊಡಬೇಕು.

ಹಳೇ ಪುಡಿ, ಅಂದರೆ ಹಿಂದಿನ ಬಿಲ್ಡ್‌ನಲ್ಲಿ ಉಳಿದ ಪುಡಿ, ಸೇರಿಸುವುದನ್ನು ನಾವು ಯಾವತ್ತೂ ಮುಚ್ಚಿಟ್ಟಿಲ್ಲ. ಈ ಕೆಲಸ ಮಾಡುವ ಹೆಚ್ಚಿನವರು ಸೇರಿಸುತ್ತಾರೆ, ಎಷ್ಟು ಸೇರಿಸಬೇಕು ಎಂದು ಪುಡಿ ತಯಾರಿಸುವವರೇ ಹೇಳುತ್ತಾರೆ. ಒಂದು ಬಿಲ್ಡ್‌ನಲ್ಲಿ ಪಾರ್ಟ್ ಆಗಿ ಹೊರಬರುವುದು ಸ್ವಲ್ಪವೇ ಪುಡಿ, ಉಳಿದದ್ದು ಸುತ್ತಲೂ ಗಂಟೆಗಟ್ಟಲೆ ಬಿಸಿಯಲ್ಲಿ ಕೂತಿರುತ್ತದೆ. ಆ ಬಿಸಿಗೆ ನೈಲಾನ್‌ನ ಅಣುಸರಪಳಿ ಉದ್ದವಾಗುತ್ತದೆ, ಕರಗಿದಾಗ ಅದು ಸಲೀಸಾಗಿ ಹರಿಯುವುದಿಲ್ಲ. ಹಳೇ ಪುಡಿ ಮಿತಿಮೀರಿದರೆ ಪಾರ್ಟ್‌ನ ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗುತ್ತದೆ. ನೀವು ವಾಪಸ್ ಕಳಿಸಿದ ಕ್ಲಿಪ್‌ಗಳ ಮೈ ನುಣ್ಣಗಿತ್ತು, ನೋಡಿ. ತೊಂದರೆ ಪುಡಿಯದ್ದಲ್ಲ.

ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ವಿಷಯ ಗೊತ್ತಾಗುತ್ತದೆ. ಸರಿಯಾಗಿ ಬೆಸೆದ ಪಾರ್ಟ್ ಒಳಗೆ ಒತ್ತಾಗಿ, ಒಂದೇ ಸಮ ಇರುತ್ತದೆ. ಬೆಸುಗೆ ಕಡಿಮೆಯಾದ ಕಡೆ ಪುಡಿಯ ಕಾಳುಗಳು ಇನ್ನೂ ಕಾಳುಗಳಾಗಿಯೇ ಕಾಣುತ್ತವೆ, ನಡುವೆ ಸಣ್ಣ ಸಣ್ಣ ತೂತು. ಕ್ಲಿಪ್ ಮುರಿಯುವುದು ಅಲ್ಲೇ.

ಬೆಸುಗೆ ಎಷ್ಟಾಗುತ್ತದೆ ಎಂದು ತೀರ್ಮಾನ ಮಾಡುವುದು ಮಷೀನ್. ಲೇಸರ್‌ನ ಶಕ್ತಿ, ಅದು ಓಡುವ ವೇಗ, ಒಂದು ಗೆರೆಗೂ ಇನ್ನೊಂದು ಗೆರೆಗೂ ಇರುವ ಅಂತರ, ಪದರದ ದಪ್ಪ, ಇವಿಷ್ಟೂ ಸೇರಿ ಪುಡಿಗೆ ಸಿಗುವ ಶಾಖ ಎಷ್ಟೆಂದು ನಿರ್ಧಾರವಾಗುತ್ತದೆ. ನಮ್ಮ ಎರಡೂ ಮಷೀನ್ ಪಿಎ12 ಎಂಬ ನೈಲಾನ್ ಪುಡಿಯನ್ನೇ ತಿನ್ನುತ್ತವೆ, ಎರಡರಲ್ಲೂ ಪದರ 0.1 ಮಿ.ಮೀ. ಆದರೂ ಲೇಸರ್ ಬೇರೆ, ಹೀಟರ್ ಕೂರಿಸಿದ ರೀತಿ ಬೇರೆ. ಹಾಗಾಗಿ ಅದೇ ಫೈಲ್ ಒಂದರಿಂದ ಇನ್ನೊಂದಕ್ಕೆ ಹೋದರೆ ಬೆಸುಗೆಯೂ ಬದಲಾಗಬಹುದು. ಪಿಎ12 ಕರಗುವುದು 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಬೆಡ್ಡನ್ನು, ಅಂದರೆ ಹರಡಿದ ಪುಡಿಯ ಹಾಸನ್ನು, ಅದಕ್ಕಿಂತ ಸ್ವಲ್ಪವೇ ಕಡಿಮೆ ಬಿಸಿಯಲ್ಲಿ ಇಡಬೇಕು. ಅಲ್ಲಿ ಕೆಲವೇ ಡಿಗ್ರಿ ಹೆಚ್ಚುಕಡಿಮೆ ಆದರೂ ಲೆಕ್ಕ ತಪ್ಪುತ್ತದೆ. ಬೆಡ್‌ನ ಮೂಲೆಗಳು ನಡುಭಾಗಕ್ಕಿಂತ ತಣ್ಣಗಿರುತ್ತವೆ. ಲೇಸರ್ ಹಾದು ಬರುವ ಗಾಜಿನ ಮೇಲೆ ನೈಲಾನ್ ಹೊಗೆಯ ತೆಳು ಪೊರೆ ಕೂತರೂ ಸಾಕು, ಕೆಳಗೆ ತಲುಪುವ ಶಕ್ತಿ ಇಳಿಯುತ್ತದೆ. ಆ ಗಾಜನ್ನು ಪ್ರತಿ ಬಿಲ್ಡ್‌ಗೂ ಮುಂಚೆ ಒರೆಸುತ್ತೇವೆ. ಈ ಶಿಸ್ತಿನ ಬಗ್ಗೆ ನಮಗೆ ಹೆಮ್ಮೆ ಇದೆ.

ಜೊತೆಗೆ ದಿಕ್ಕಿನ ಪ್ರಶ್ನೆ. ಮಲಗಿಸಿ ಮಾಡಿದ ನೈಲಾನ್ ಬಾರ್ ಮುರಿಯುವ ಮುಂಚೆ ಚೆನ್ನಾಗಿ ಹಿಗ್ಗುತ್ತದೆ. ನಿಲ್ಲಿಸಿ ಮಾಡಿದ್ದು ಎಷ್ಟೋ ಸಲ ಅದರ ಅರ್ಧದಷ್ಟೂ ಹಿಗ್ಗುವುದಿಲ್ಲ, ಯಾಕೆಂದರೆ ಎಳೆತ ಬೀಳುವುದು ಪದರಗಳ ನಡುವಿನ ಬೆಸುಗೆಯ ಮೇಲೆ. ಪುಡಿ ತಯಾರಕರ ಡೇಟಾಶೀಟ್ (ಗುಣಗಳ ಪಟ್ಟಿ) ತೋರಿಸಿ "ಇಲ್ಲಿ ಹೀಗೆ ಬರೆದಿದೆಯಲ್ಲ" ಎನ್ನುವವರಿಗೆ ಒಂದು ಮಾತು: ಆ ಅಂಕಿ ತಯಾರಕರು ತಮ್ಮ ಮಷೀನ್‌ನಲ್ಲಿ, ತಮ್ಮ ಸೆಟಿಂಗ್‌ನಲ್ಲಿ ಮಾಡಿದ ಬಾರ್‌ನದು. ಯಾವ ದಿಕ್ಕಿನಲ್ಲಿ ಮಾಡಿದ ಬಾರ್ ಎಂಬುದನ್ನೂ ಅದೇ ಶೀಟ್‌ನಲ್ಲಿ ನೋಡಿ. ನಾವು ಈಗ ಕೊಡುವುದು ನಿಮ್ಮ ಪಾರ್ಟ್ ಪಕ್ಕದಲ್ಲೇ ಹುಟ್ಟಿದ ಬಾರ್‌ನ ಅಂಕಿ. ಪ್ಲಾಸ್ಟಿಕ್ ಎಳೆದು ನೋಡುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 527 ಪ್ರಕಾರ, ಎರಡೂ ದಿಕ್ಕಿನಲ್ಲಿ.

ದರ ಏರಿಸಿ ಲಾಭ ಮಾಡುತ್ತಿದ್ದಾರೆ ಎಂಬ ಮಾತೂ ಕಿವಿಗೆ ಬಿದ್ದಿದೆ. ಅದು ಸರಿಯಲ್ಲ. ನಿಲ್ಲಿಸಿದ ಟೆಸ್ಟ್ ಬಾರ್ ಇಡೀ ಬಿಲ್ಡ್‌ನ ಎತ್ತರವನ್ನು ಹೆಚ್ಚಿಸುತ್ತದೆ. ಎತ್ತರ ಹೆಚ್ಚಿದಷ್ಟೂ ಪದರ ಜಾಸ್ತಿ, ಸಮಯ ಜಾಸ್ತಿ, ಬಿಸಿಯಲ್ಲಿ ಕೆಡುವ ಪುಡಿಯೂ ಜಾಸ್ತಿ. ಆಮ್ಲಜನಕ ತಾಗಿ ನೈಲಾನ್ ಹಳದಿಯಾಗದಂತೆ ಅಷ್ಟು ಹೊತ್ತೂ ನೈಟ್ರೋಜನ್ ಬಿಡಬೇಕು. ಮುಗಿದ ಮೇಲೂ ಬಿಲ್ಡ್ ತಾನಾಗಿ ತಣ್ಣಗಾಗುವ ತನಕ ಕಾಯಬೇಕು, ಬಿಸಿಯಲ್ಲೇ ತೆಗೆದರೆ ಪಾರ್ಟ್ ಸೊಟ್ಟಗಾಗುತ್ತದೆ. ಇನ್ನು ಮೇಲೆ ಒಂದು ಮಷೀನ್‌ನ ಮುಂದೆ ಸಾಲು ಇದ್ದು ಇನ್ನೊಂದು ಖಾಲಿ ನಿಂತರೂ ನಿಮ್ಮ ಕೆಲಸವನ್ನು ಅತ್ತ ತಳ್ಳುವಂತಿಲ್ಲ. ಖಾಲಿ ನಿಂತ ಮಷೀನ್‌ನ ಖರ್ಚು ನಮ್ಮ ತಲೆಯ ಮೇಲೆಯೇ. ಏರಿದ ಖರ್ಚೆಲ್ಲವನ್ನೂ ನಿಮ್ಮ ಮೇಲೆ ಹಾಕಿಲ್ಲ.

ಆಕಾರ, ಅಳತೆ, ಜೋಡಣೆ ಮಾತ್ರ ನೋಡುವವರಿಗೆ ಇದ್ಯಾವುದೂ ಬೇಕಿಲ್ಲ. ಆರ್ಡರ್‌ನಲ್ಲಿ "ನೋಡಲು ಮಾತ್ರ" ಎಂದು ಬರೆಯಿರಿ, ಹಳೇ ದರವೇ ಇರುತ್ತದೆ. ರೆಸಿನ್ ಪಾರ್ಟ್‌ಗಳಿಗೂ ಸದ್ಯಕ್ಕೆ ಬದಲಾವಣೆ ಇಲ್ಲ. ಈಗಾಗಲೇ ಒಪ್ಪಿಕೊಂಡ ಆರ್ಡರ್‌ಗಳಿಗೆ ಒಪ್ಪಿದ ದರ, ಒಪ್ಪಿದ ದಿನ.

ಭಾರ ಹೊರುವ, ಬಾಗುವ ಪಾರ್ಟ್ ಆದರೆ ಯಾವ ಕಡೆಯಿಂದ ಎಳೆತ ಬೀಳುತ್ತದೆ ಎಂದು ಚಿತ್ರದಲ್ಲಿ ಒಂದು ಬಾಣ ಹಾಕಿ ಕಳಿಸಿ. ಅದಕ್ಕೆ ತಕ್ಕಂತೆ ಬೆಡ್‌ನಲ್ಲಿ ಮಲಗಿಸುವುದು ನಮ್ಮ ಜವಾಬ್ದಾರಿ. ಮುರಿದ ಹಳೇ ಪಾರ್ಟ್ ಇದ್ದರೆ ಸುಮ್ನೆ ಎಸೆಯಬೇಡಿ, ನಮಗೆ ಕಳಿಸಿ. ಮುರಿದ ಮುಖ ನೋಡಿ, ಏನಾಗಿದೆ ಎಂದು ನಾವೇ ಫೋನ್ ಮಾಡಿ ಹೇಳುತ್ತೇವೆ.

ನಿಮ್ಮ ವಿಶ್ವಾಸಿ,
ವರ್ಕ್‌ಶಾಪ್‌ನ ಎಲ್ಲರ ಪರವಾಗಿ