ನಕ್ಷೆ ಇದೆಯಲ್ಲ, ಮತ್ತೇಕೆ ಹಣ? ವಿಜ್ಞಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಇಲಿಯ ಮಿದುಳನ್ನು ತೆಳುವಾಗಿ ಕತ್ತರಿಸಿ, ಯಾವ ನರಕೋಶದಲ್ಲಿ ಯಾವ ಪ್ರೋಟೀನ್ ಇದೆ ಎಂದು ಹುಡುಕುವುದು ನನ್ನ ಕೆಲಸ. ಇದಕ್ಕೆ ಹಣ ಕೇಳಿದಾಗಲೆಲ್ಲ ಒಂದೇ ಪ್ರಶ್ನೆ: "ಮಿದುಳಿನ ನಕ್ಷೆ ಆಗಲೇ ಇದೆಯಲ್ಲ?"

ಇದೆ, ನಿಜ. ಇಲಿಯ ಮಿದುಳಿನಲ್ಲಿ ಸುಮಾರು 20,000 ಜೀನ್‌ಗಳು ಎಲ್ಲೆಲ್ಲಿ ಕೆಲಸ ಮಾಡುತ್ತವೆ ಎಂದು ಅಮೆರಿಕದ ಮಿದುಳು ಸಂಶೋಧನಾ ಕೇಂದ್ರವಾದ ಅಲೆನ್ ಸಂಸ್ಥೆಯವರು 2006ರಲ್ಲೇ ಗುರುತಿಸಿ, ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಅದನ್ನು ತೆರೆಯದೆ ನನ್ನ ಕೆಲಸ ಶುರುವಾಗುವುದೇ ಇಲ್ಲ. ಆದರೆ ಅದು ತೋರಿಸುವುದು ಎಂಆರ್‌ಎನ್‌ಎಯನ್ನು. ಅಂದರೆ 'ಈ ಪ್ರೋಟೀನ್ ಮಾಡಿ' ಎಂದು ಬರೆದ ಚೀಟಿಯನ್ನು. ಪ್ರೋಟೀನನ್ನಲ್ಲ.

ಚೀಟಿ ಒಂದು ಕಡೆ, ಸರಕು ಇನ್ನೊಂದು ಕಡೆ ಇರಬಹುದು. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ಡೋಪಮೈನ್ ಎಂಬ ರಾಸಾಯನಿಕದ ತಯಾರಿಗೆ ಬೇಕಾದ ಪ್ರೋಟೀನ್, ಟೈರೋಸಿನ್ ಹೈಡ್ರಾಕ್ಸಿಲೇಸ್ ಅನ್ನೇ ನೋಡಿ. ಅದರ ಚೀಟಿ ಎದ್ದು ಕಾಣುವುದು ನಡುಮಿದುಳಿನ ಕೋಶಗಳಲ್ಲಿ. ಆ ಕೋಶಗಳ ಉದ್ದನೆಯ ಎಳೆಗಳು ಚಲನೆಯನ್ನು ನಿಯಂತ್ರಿಸಲು ನೆರವಾಗುವ ಸ್ಟ್ರೈಯಾಟಮ್ ಎಂಬ ಭಾಗದ ತನಕ ಹೋಗುತ್ತವೆ. ಪ್ರೋಟೀನ್‌ಗೆ ಬಣ್ಣ ಹಾಕಿದರೆ ಸ್ಟ್ರೈಯಾಟಮ್ ಇಡೀ ಗಾಢವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಂಕಾಗುವುದು ಈ ಬಣ್ಣವೇ. ಬರೀ ಚೀಟಿಯ ನಕ್ಷೆಯಲ್ಲಿ ಇದು ಕಾಣುವುದಿಲ್ಲ.

ಪ್ರೋಟೀನ್ ಹುಡುಕಲು ನಾವು ಆಂಟಿಬಾಡಿ ಬಳಸುತ್ತೇವೆ. ಅಂದರೆ, ಒಂದು ನಿರ್ದಿಷ್ಟ ಪ್ರೋಟೀನ್‌ಗೆ ಹೋಗಿ ಅಂಟಿಕೊಳ್ಳುವ, ರೋಗನಿರೋಧಕ ವ್ಯವಸ್ಥೆ ತಯಾರಿಸುವ ಅಣು; ಅದು ಅಂಟಿದ ಜಾಗ ಹೊಳೆಯುವಂತೆ ಮಾಡುತ್ತೇವೆ. ತೊಂದರೆ ಇರುವುದು ಇಲ್ಲೇ. ಅದು ಬೇರೆ ಪ್ರೋಟೀನ್‌ಗೂ ಅಂಟಿಕೊಳ್ಳಬಹುದು. ಒಮ್ಮೆ ನನ್ನ ಸ್ಲೈಡ್‌ಗಳಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ಎಷ್ಟು ಚೆಂದ ಹೊಳೆಯುತ್ತಿತ್ತು ಅಂದರೆ, ನಾನೇ ಮರುಳಾಗಿದ್ದೆ. ಕೊನೆಗೆ ಆ ಜೀನನ್ನೇ ತೆಗೆದುಹಾಕಿದ ನಾಕೌಟ್ ಇಲಿಯ ಮಿದುಳಿಗೂ ಅದೇ ಆಂಟಿಬಾಡಿ ಹಾಕಿದೆ. ಅಲ್ಲೂ ಹಾಗೇ ಹೊಳೆಯಿತು! ಇಲ್ಲದ ಪ್ರೋಟೀನ್ ಹೊಳೆಯುವುದು ಹೇಗೆ? ಎಂಟು ತಿಂಗಳ ಕೆಲಸ ಕಸದ ಬುಟ್ಟಿಗೆ ಹೋಯಿತು. ಈ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು, ಒಪ್ಪುತ್ತೇನೆ. ಆದರೆ "ಇದರಲ್ಲಿ ಹೊಸದೇನಿದೆ" ಎಂದು ಅನುದಾನದಿಂದ ಆ ಇಲಿಗಳ ಖರ್ಚನ್ನೇ ಹೊಡೆದುಹಾಕಿದ್ದರು.

ಇದು ಬರೀ ಲ್ಯಾಬಿನ ಗೋಳಲ್ಲ. ದೇಹದ ಆಂಟಿಬಾಡಿಗಳು ಎನ್‌ಎಂಡಿಎ ಗ್ರಾಹಕ ಎಂಬ, ನರಕೋಶಗಳು ಸಂದೇಶ ಪಡೆಯಲು ಬಳಸುವ ಪ್ರೋಟೀನಿನ ಮೇಲೇ ಬೀಳುವ ಒಂದು ಬಗೆಯ ಮಿದುಳಿನ ಉರಿಯೂತವಿದೆ. ಅದನ್ನು 2007ರಲ್ಲಿ ನರರೋಗ ತಜ್ಞ ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು ಗುರುತಿಸಿದರು. ರೋಗಿಗಳ ಆಂಟಿಬಾಡಿ ಮಿದುಳಿನ ಚೂರಿನಲ್ಲಿ, ಅದರಲ್ಲೂ ಹಿಪೊಕ್ಯಾಂಪಸ್‌ನಲ್ಲಿ, ಎಲ್ಲಿ ಅಂಟುತ್ತದೆ ಎಂಬುದೇ ದೊಡ್ಡ ಸುಳಿವಾಗಿತ್ತು. ಮೊದಮೊದಲು ಮಾನಸಿಕ ಕಾಯಿಲೆಯಂತೆ ಕಾಣುವ ಇದಕ್ಕೆ ಈಗ ಚಿಕಿತ್ಸೆ ಇದೆ. ಯಾವ ಪ್ರೋಟೀನ್ ಎಲ್ಲಿದೆ ಎಂದು ಮೊದಲೇ ಗೊತ್ತಿಲ್ಲದಿದ್ದರೆ ಆ ಸುಳಿವು ಯಾರಿಗೆ ಅರ್ಥವಾಗುತ್ತಿತ್ತು?

ನಾನು ಕೇಳುವುದು ಜಾಸ್ತಿ ಏನಲ್ಲ. ಅನುದಾನದ ಅರ್ಜಿಯಲ್ಲಿ ಆಂಟಿಬಾಡಿ ಪರೀಕ್ಷೆಗೆ, ನಾಕೌಟ್ ಇಲಿಗಳಿಗೆ ಪ್ರತ್ಯೇಕ ಹಣ ಇಡಿ. ಅದನ್ನು ಕಡಿತ ಮಾಡುವಂತಿರಬಾರದು. ಹಾಗೇ, ಸರ್ಕಾರಿ ದುಡ್ಡಿನಲ್ಲಿ ತೆಗೆದ ಚಿತ್ರಗಳೆಲ್ಲ, ಕೆಟ್ಟುಹೋದವೂ ಸೇರಿ, ಎಲ್ಲರಿಗೂ ಸಿಗಲಿ. ನನ್ನ ಆ ಎಂಟು ತಿಂಗಳನ್ನು ಇನ್ನೊಬ್ಬರು ಸುಮ್ನೆ ಮತ್ತೆ ಕಳೆಯುವುದು ಬೇಡ, ಅಲ್ವಾ?

ಬಿಡುವಾದಾಗ ಒಮ್ಮೆ ಲ್ಯಾಬಿಗೆ ಬನ್ನಿ. ಆ ಎರಡೂ ಸ್ಲೈಡ್ ಇನ್ನೂ ಇಟ್ಟಿದ್ದೇನೆ. ಯಾವುದು ನಾಕೌಟ್ ಎಂದು ನೀವೇ ಹೇಳಿ.

ಇಂತಿ,
ಒಬ್ಬ ನರವಿಜ್ಞಾನ ಸಂಶೋಧಕಿ