ಹಿಡಿ ಅಗ್ಗವಾದರೆ ತಪ್ಪೇನು? ಅಲಗಿನ ಗಡಸುತನ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಚಾರಣಕ್ಕೆ ಒಯ್ಯುವ ಸಾಮಾನುಗಳ ಬಗ್ಗೆ ಲೇಖನ ಬಂದಿತ್ತು. ಅದರಲ್ಲಿ ಮಡಚುವ ಚಾಕುಗಳ ಮೇಲೂ ಒಂದು ಪ್ಯಾರಾ ಇತ್ತು. ದುಬಾರಿ ಸ್ಟೀಲಿನ ಅಲಗಿಗೆ ಪ್ಲಾಸ್ಟಿಕ್ ಹಿಡಿ ಹಾಕಿ ಹತ್ತು ಹದಿನೈದು ಸಾವಿರಕ್ಕೆ ಮಾರುವುದು ಗಿರಾಕಿಗೆ ಟೋಪಿ ಹಾಕುವ ಕೆಲಸ ಎಂಬ ಅರ್ಥದಲ್ಲಿ ಬರೆದಿದ್ದರು. ಆ ಒಂದು ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು. ನಾನು ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್, ಅಂದರೆ ಸ್ಟೀಲನ್ನು ಕಾಯಿಸಿ ತಣಿಸಿ ಹದ ಹಾಕುವ ಕೆಲಸ ಮಾಡಿ ನಿವೃತ್ತನಾದವನು. ಈಗ ತೀರ್ಥಹಳ್ಳಿ ಕಡೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಚಾಕು ನನಗೆ ಶೋಕಿ ಅಲ್ಲ. ಜೇಬಿನಲ್ಲಿ ಅದಿಲ್ಲದಿದ್ದರೆ ದಿನದ ಕೆಲಸ ಸಾಗುವುದಿಲ್ಲ.

ಮೊದಲು ಆ ಪ್ಲಾಸ್ಟಿಕ್ ಯಾವುದು ಅಂತ ನೋಡೋಣ. ಒಳ್ಳೆಯ ಕಂಪನಿಗಳು ಹಿಡಿಗೆ ಹಾಕುವುದು ಬಕೆಟ್ಟಿನ ಪ್ಲಾಸ್ಟಿಕ್ ಅಲ್ಲ, ಗಾಜಿನ ಎಳೆ ಬೆರೆಸಿದ ನೈಲಾನ್. ಪೀಣ್ಯದವರಿಗೆ ಇದು ಗ್ಲಾಸ್ ಫಿಲ್ಡ್ ನೈಲಾನ್ ಅಂತಲೇ ಗೊತ್ತು. ಕಾಂಕ್ರೀಟ್ ಗೋಡೆ ಕೊರೆಯುವ ಡ್ರಿಲ್ ಮಷಿನ್ನಿನ ಮೈ ಇದರದ್ದೇ. ಅಷ್ಟು ಅದುರಾಟ ತಡೆಯುವ ಸಾಮಾನು ಸೇಬು ಹೆಚ್ಚುವ ಚಾಕುವಿಗೆ ಸಾಲದೇ? ಅಮೆರಿಕದ ಕೊಲೊರಾಡೊದ ಸ್ಪೈಡರ್ಕೊ ಕಂಪನಿ 1990ರಲ್ಲೇ ಡೆಲಿಕಾ ಎಂಬ ಚಾಕುವಿಗೆ ಇಂಥ ಹಿಡಿ ಹಾಕಿತು. ಈಗಲೂ ಹಾಕುತ್ತಿದೆ. ಅದೇ ಹಿಡಿಯಲ್ಲಿ ಜಪಾನಿನ ವಿಜಿ-10 ಸ್ಟೀಲೂ ಬರುತ್ತದೆ, ಆಸ್ಟ್ರಿಯಾದ ಬೋಲರ್ ಕಂಪನಿಯ ಕೆ390 ಎಂಬ ಪುಡಿ ಸ್ಟೀಲೂ ಬರುತ್ತದೆ. ಹಿಡಿ ಅದೇ, ಅಲಗು ಬೇರೆ, ಬೆಲೆ ಬೇರೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ನೇರವಾದ ವ್ಯಾಪಾರ ಇಲ್ಲ. ಹೆಚ್ಚಿಗೆ ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು ಅಂತ ಗಿರಾಕಿಗೆ ಕಣ್ಣಿಗೇ ಕಾಣುತ್ತದೆ.

ಇನ್ನು ‘ಪ್ರೀಮಿಯಂ’ ಹಿಡಿಗಳ ಕಥೆ ಕೇಳಿ. ನಿಮ್ಮ ಲೇಖಕರು ಮೈಕಾರ್ಟಾ ಮತ್ತು ಜಿ-10 ಹಿಡಿಗಳನ್ನು ಬಹಳ ಹೊಗಳಿದ್ದಾರೆ. ಮೈಕಾರ್ಟಾ ಅಂದರೆ ಬಟ್ಟೆ ಅಥವಾ ಕಾಗದವನ್ನು ಪದರ ಪದರವಾಗಿ ಜೋಡಿಸಿ, ರಾಳ ಹಾಕಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ನೂರು ವರ್ಷಕ್ಕೂ ಹಿಂದೆ ಅದನ್ನು ಮಾಡಿದ್ದು ಚಾಕುವಿಗಲ್ಲ, ಕರೆಂಟ್ ಹರಿಯದಂತೆ ತಡೆಯೋದಕ್ಕೆ. ನಮ್ಮ ಹಳೇ ಸ್ವಿಚ್‌ಬೋರ್ಡುಗಳಲ್ಲಿ ಇದ್ದ ಹೈಲಮ್ ಶೀಟ್ ಇದರ ದಾಯಾದಿ. ಜಿ-10 ಅಂದರೆ ಗಾಜಿನ ಬಟ್ಟೆಗೆ ಇಪಾಕ್ಸಿ ಹಾಕಿ ಒತ್ತಿದ್ದು. ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಬೋರ್ಡಿನ ಹಲಗೆ ಇದರ ಸೋದರ. ಎರಡೂ ಒಳ್ಳೆಯ ಸಾಮಾನೇ, ನಾನು ಬೇಡ ಅನ್ನುತ್ತಿಲ್ಲ. ಆದರೆ ಅವು ದುಬಾರಿ ಆಗುವುದು ಒಂದೊಂದೇ ಹಿಡಿಯನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ನಿನಲ್ಲಿ ಕೊರೆಯಬೇಕು ಅನ್ನೋ ಕಾರಣಕ್ಕೆ. ಕೊರೆಯುವಾಗ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಟೂಲಿನ ಬಾಯಿಯನ್ನೂ ಬೇಗ ತಿನ್ನುತ್ತದೆ. ನೈಲಾನ್ ಹಿಡಿಯ ಲೆಕ್ಕ ಉಲ್ಟಾ. ಡೈಗೆ, ಅಂದರೆ ಅಚ್ಚಿಗೆ, ಒಂದು ಸಲ ಲಕ್ಷಗಟ್ಟಲೆ ಸುರಿಯಬೇಕು. ಆಮೇಲೆ ಒಂದೊಂದು ಹಿಡಿಯೂ ಕೆಲವೇ ರೂಪಾಯಿಗೆ ಬೀಳುತ್ತದೆ. ಹಿಡಿ ಅಗ್ಗ ಆಗಿದ್ದು ಮಾಡುವ ರೀತಿಯಿಂದ, ಕೆಲಸದಲ್ಲಿ ಕಳಪೆ ಅಂತಲ್ಲ.

ಸ್ಟೀಲಿನ ಲೆಕ್ಕದಲ್ಲೂ ಜನ ತಪ್ಪು ತಿಳಿದಿದ್ದಾರೆ. ಮಡಚುವ ಚಾಕುವಿನ ಅಲಗಿಗೆ, ಒಳಗೆ ಹೋಗುವ ಭಾಗವೂ ಸೇರಿ, ಸುಮಾರು ಹತ್ತು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲ, ಮೂರು ಮಿಲಿಮೀಟರ್ ದಪ್ಪದ ಪಟ್ಟಿ ಬೇಕು. ತೂಕ 70 ಗ್ರಾಂ ಆಸುಪಾಸು. ಸ್ಟೀಲ್ ಕಿಲೋಗೆ ಐದು ಸಾವಿರ ಅಂತಲೇ ಇಟ್ಟುಕೊಳ್ಳಿ, ಒಂದು ಅಲಗಿಗೆ 350 ರೂಪಾಯಿ ಆಯಿತು. ಹಾಗಾದರೆ ಉಳಿದ ದುಡ್ಡು? ಅದು ಹೋಗುವುದು ಹದ ಹಾಕುವುದಕ್ಕೆ ಮತ್ತು ಅರೆಯುವುದಕ್ಕೆ. ಅಮೆರಿಕದ ಸಿರಾಕ್ಯೂಸ್ ಊರಿನಲ್ಲಿದ್ದ ಕ್ರೂಸಿಬಲ್ ಕಂಪನಿ ರೂಪಿಸಿದ ಎಸ್90ವಿ ಸ್ಟೀಲನ್ನೇ ತಗೊಳ್ಳಿ. ಕರಗಿದ ಲೋಹವನ್ನು ನೈಟ್ರೋಜನ್ ಗಾಳಿಯಲ್ಲಿ ಚಿಮ್ಮಿಸಿ ಪುಡಿ ಮಾಡುತ್ತಾರೆ. ಆ ಪುಡಿಯನ್ನು ಡಬ್ಬಿಯಲ್ಲಿ ತುಂಬಿ ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡುತ್ತಾರೆ. ಅದರಲ್ಲಿ ಶೇ 9ರಷ್ಟು ವನೇಡಿಯಂ ಇರುತ್ತದೆ. ವನೇಡಿಯಂ ಇಂಗಾಲದ ಜೊತೆ ಸೇರಿ ಆಗುವ ಕಾರ್ಬೈಡ್ ಕಣಗಳು ನಮ್ಮ ಸಾಮಾನ್ಯ ಗ್ರೈಂಡಿಂಗ್ ವೀಲಿನ ಅಲ್ಯುಮಿನಿಯಂ ಆಕ್ಸೈಡ್‌ಗಿಂತಲೂ ಗಡಸು. ಹಾಗಾಗಿ ಅಲಗು ಅರೆಯುವ ಹೊತ್ತಿಗೆ ಬೆಲ್ಟ್ ಮೇಲೆ ಬೆಲ್ಟ್ ಸವೆಯುತ್ತದೆ. ಇಷ್ಟು ಖರ್ಚು ಮಾಡಿದ ಮೇಲೆ ಹಿಡಿಯಲ್ಲಿ ಉಳಿಸಿದರೆ ತಪ್ಪೇನು? ಉಳಿಸಬೇಕಾದ ಜಾಗವೇ ಅದು.

ಇದು ಇವತ್ತಿನ ಅಮೆರಿಕದವರ ಬುದ್ಧಿಯೂ ಅಲ್ಲ. ಜಪಾನಿನ ಮಿಕಿ ಊರಿನಲ್ಲಿ 1890ರ ದಶಕದಿಂದ ಹಿಗೊನೊಕಾಮಿ ಎಂಬ ಚಾಕು ಮಾಡುತ್ತಾರೆ. ಹಿಡಿ ಅಂದರೆ ಒಂದು ತಗಡು, ಮಧ್ಯಕ್ಕೆ ಮಡಚಿದ್ದು, ಅಷ್ಟೇ. ಲಾಕ್ ಇಲ್ಲ, ಸ್ಪ್ರಿಂಗ್ ಇಲ್ಲ. ಅಲಗಿನ ಹಿಂದೆ ಚಾಚಿಕೊಂಡಿರುವ ತುಂಡನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದುಕೊಂಡು ಕೊಯ್ಯಬೇಕು. ಆದರೆ ಅಲಗಿಗೆ ಅವೊಗಾಮಿ ಸ್ಟೀಲ್ ಹಾಕಿದ್ದೂ ಸಿಗುತ್ತದೆ. ಅಲ್ಲಿಯ ಬಡಗಿಗಳ ಉಳಿ, ಅಡುಗೆಯವರ ಚಾಕುಗಳಿಗೆ ಬಳಸುವ ಸ್ಟೀಲ್ ಅದು. ಶಾಲೆ ಮಕ್ಕಳು ಪೆನ್ಸಿಲ್ ಹೆರೆಯಲು ಒಯ್ಯುತ್ತಿದ್ದ ಚಾಕು ಇದು. ಆ ತಗಡು ನೋಡಿ ಯಾರೂ ಮೋಸ ಅನ್ನಲಿಲ್ಲ.

ನಮ್ಮ ಮಲೆನಾಡಿನ ಮಳೆಗಾಲಕ್ಕೆ ಮರದ ಹಿಡಿಗಿಂತ ನೈಲಾನ್ ವಾಸಿ ಅಂತ ನಾನು ಅನುಭವದಿಂದಲೇ ಹೇಳುತ್ತೇನೆ. ಫ್ರಾನ್ಸಿನ ಓಪಿನೆಲ್ ನನಗೆ ಬಹಳ ಇಷ್ಟದ ಚಾಕು. 1890ರಿಂದ ಬಂದಿರುವ ಸರಳ ವಿನ್ಯಾಸ. ಬೀಚ್ ಮರದ ಹಿಡಿ, ಕತ್ತಿನಲ್ಲಿ ತಿರುಗುವ ಉಂಗುರವೇ ಲಾಕು. ಆದರೆ ಆಷಾಢದ ಮಳೆಯಲ್ಲಿ ಮರ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಉಗುರು ಮುರಿದರೂ ಬಿಚ್ಚಲಾಗದು. ಹಿತ್ತಾಳೆ ಹಿಡಿ ಹಸಿರುಗಟ್ಟುತ್ತದೆ, ಜೇಬೂ ಜೋತು ಬೀಳುತ್ತದೆ. ಕೊಂಬಿನ ಹಿಡಿಗೆ ಬೂಷ್ಟು ಹಿಡಿಯುತ್ತದೆ. ನೈಲಾನ್ ಹಿಡಿ ಒದ್ದೆ ಕೈಯಲ್ಲೂ ಜಾರದಂತೆ ಗೆರೆ ಗೆರೆಯಾಗಿ ಅಚ್ಚು ಬಿದ್ದಿರುತ್ತದೆ. ಹಲಸಿನ ಮೇಣ ಮೆತ್ತಿದರೂ ಕೊಬ್ಬರಿ ಎಣ್ಣೆ ಸವರಿ, ಬಿಸಿನೀರಿನಲ್ಲಿ ತೊಳೆದರೆ ಆಯಿತು. ಹಸಿ ಅಡಿಕೆಯ ಚೊಗರು ಸಾದಾ ಕಬ್ಬಿಣದ ಅಲಗನ್ನು ಅರ್ಧ ಗಂಟೆಯಲ್ಲಿ ಕಪ್ಪಗೆ ಮಾಡುತ್ತದೆ. ಅಲ್ಲೂ ಕ್ರೋಮಿಯಂ ಜಾಸ್ತಿ ಇರುವ ಒಳ್ಳೆ ಸ್ಟೀಲಿಗೆ ಕೊಟ್ಟ ದುಡ್ಡು ಉಪಯೋಗಕ್ಕೆ ಬರುತ್ತದೆ. ಹಿಡಿಗೆ ಟೈಟೇನಿಯಂ ಹಾಕಿಸಿದ್ದರೆ ಈ ಯಾವ ಕೆಲಸಕ್ಕೂ ಒಂದು ಚೂರೂ ಪ್ರಯೋಜನ ಇರುತ್ತಿರಲಿಲ್ಲ.

ಲೇಖಕರ ಒಂದು ದೂರು ಮಾತ್ರ ನಾನೂ ಒಪ್ಪುತ್ತೇನೆ. ಹಿಡಿ ಬಳುಕಬಾರದು. ಬೆಂಚ್‌ಮೇಡ್ ಕಂಪನಿ 2017ರಲ್ಲಿ ತಂದ ಬಗ್‌ಔಟ್ ಚಾಕು ಬರೀ 52 ಗ್ರಾಂ ತೂಗುತ್ತದೆ, ಅಲಗು ಎಸ್30ವಿ ಎಂಬ ಪುಡಿ ಸ್ಟೀಲಿನದು. ಅದರ ಹಿಡಿಯನ್ನು ಎರಡು ಬೆರಳಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋಗುತ್ತದೆ. ಅದಕ್ಕೇ ಬೇರೆ ಹಿಡಿ ಕೊಂಡು ಕೂರಿಸಿಕೊಳ್ಳುವವರು ಬಹಳ ಜನ ಇದ್ದಾರೆ. ನಾನು ಆ ಗೋಜಿಗೆ ಹೋಗಲ್ಲ. ಕೊಳ್ಳುವಾಗಲೇ ನೋಡಬೇಕಾದ್ದು ಹಿಡಿಯ ಒಳಗಿನ ಸ್ಟೀಲ್ ತಗಡು. ಅಲಗು ತಿರುಗುವ ಪಿನ್ನು ಮತ್ತು ಲಾಕು ಆ ತಗಡನ್ನು ಆತುಕೊಂಡಿವೆಯೋ, ಬರೀ ನೈಲಾನನ್ನೋ? ಸ್ಕ್ರೂ ಕಚ್ಚುವುದು ಲೋಹಕ್ಕೋ, ಪ್ಲಾಸ್ಟಿಕ್ಕಿಗೋ? ಪ್ಲಾಸ್ಟಿಕ್ಕಿಗೇ ಕಚ್ಚಿದ ಸ್ಕ್ರೂವನ್ನು ನಾಲ್ಕು ಸಲ ಬಿಚ್ಚಿ ಹಾಕಿದರೆ ಹಿಡಿತ ಬಿಡುತ್ತದೆ. ಅಂಥದನ್ನು ಎಷ್ಟೇ ಒಳ್ಳೆ ಅಲಗಿದ್ದರೂ ಕೊಳ್ಳಬೇಡಿ.

ಈಗ ನಿಜವಾದ ಮೋಸಕ್ಕೆ ಬರುತ್ತೇನೆ. ಅಗ್ಗದ ಹಿಡಿ ಎಲ್ಲರಿಗೂ ಕಾಣುತ್ತದೆ. ಅಗ್ಗಕ್ಕೆ ಮಾಡಿದ ಹದ ಯಾರಿಗೂ ಕಾಣುವುದಿಲ್ಲ. ಎರಡು ವರ್ಷದ ಹಿಂದೆ ನನ್ನ ಅಳಿಯ ಆನ್‌ಲೈನಿನಲ್ಲಿ ಒಂದು ಚಾಕು ತರಿಸಿದ. ಕಂಪನಿ ಹೆಸರು ಬೇಡ ಬಿಡಿ. ಕಾರ್ಬನ್ ಫೈಬರ್ ಹಿಡಿ, ಹೊಳೆಯುವ ಸ್ಕ್ರೂ, ಅಲಗಿನ ಮೇಲೆ ಲೇಸರಿನಲ್ಲಿ ಡಿ2 ಎಂದು ಗುರುತು. ಡಿ2 ಅಂದರೆ ನಮ್ಮ ಟೂಲ್‌ರೂಮಿನವರು ಎಚ್‌ಸಿಎಚ್‌ಸಿಆರ್ ಅನ್ನುವ ಜಾತಿಯದ್ದು, ಪ್ರೆಸ್ ಡೈಗಳಿಗೆ ಹಾಕುವ ಸ್ಟೀಲ್. ಶೇ 1.5 ಇಂಗಾಲ, ಶೇ 12ರ ಹತ್ತಿರ ಕ್ರೋಮಿಯಂ. ಅದರ ಜೊತೆಯಲ್ಲೇ ನನ್ನ ಆಯುಸ್ಸು ಕಳೆದಿದೆ. ಸರಿಯಾಗಿ ಹದ ಹಾಕಿದರೆ ಗಡಸುತನ ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ 60 ಬರಬೇಕು. ಈ ಚಾಕು ನಾಲ್ಕು ಗೋಣಿಚೀಲದ ಹೊಲಿಗೆ ಬಿಚ್ಚುವಷ್ಟರಲ್ಲಿ ಮೊಂಡಾಯಿತು. ಹಳೇ ಸ್ನೇಹಿತರ ಶೆಡ್ಡಿಗೆ ಒಯ್ದು ಮಷಿನ್ನಿಗೆ ಇಟ್ಟೆವು. ಬಂದಿದ್ದು 54.

ಹೀಗೇಕೆ ಆಗುತ್ತದೆ ಅಂದರೆ, ಡಿ2ವನ್ನು ಸಾವಿರ ಡಿಗ್ರಿ ದಾಟಿಸಿ ಕಾಯಿಸಬೇಕು, ಸುಮಾರು 1020ಕ್ಕೆ. ಅಲ್ಲಿ ಒಂದಿಷ್ಟು ಹೊತ್ತು ನಿಲ್ಲಿಸಬೇಕು. ಕಾರ್ಬೈಡ್ ಸ್ವಲ್ಪ ಕರಗಿ ಇಂಗಾಲ ಸ್ಟೀಲಿನೊಳಗೆ ಹೋಗಬೇಕಲ್ಲ, ಅದಕ್ಕೆ. ಆಮೇಲೆ ತಣಿಸಿ, ಎರಡು ಸಲ ಟೆಂಪರ್ ಮಾಡಬೇಕು, ಅಂದರೆ ಕಡಿಮೆ ಶಾಖದಲ್ಲಿ ಮತ್ತೆ ಕಾಯಿಸಬೇಕು. ಕರೆಂಟ್ ಬಿಲ್ಲು ಉಳಿಸಲು ಶಾಖ ಕಡಿಮೆ ಇಟ್ಟರೆ ಸ್ಟೀಲ್ ಮೆತ್ತಗೆ ಉಳಿಯುತ್ತದೆ. ಟೆಂಪರ್ ತಪ್ಪಿಸಿದರೆ ಅಲಗಿನ ಬಾಯಿ ಚಕ್ಕೆ ಚಕ್ಕೆಯಾಗಿ ಹಾರುತ್ತದೆ. ವ್ಯಾಕ್ಯೂಮ್ ಇಲ್ಲದ ಸಾದಾ ಕುಲುಮೆಯಲ್ಲಿ ಹಾಗೇ ಇಟ್ಟರೆ ಮೇಲ್ಮೈಯ ಇಂಗಾಲ ಗಾಳಿಗೆ ಉರಿದು ಹೋಗುತ್ತದೆ. ಡೈ ಆದರೆ ದಪ್ಪ ಇರುತ್ತದೆ, ಮೇಲಿನ ಪದರ ಅರೆದು ತೆಗೆಯಬಹುದು. ಚಾಕುವಿನ ಬಾಯಿ ತೆಳು, ಅಲ್ಲಿ ಉಳಿಯುವುದೇ ಆ ಕೆಟ್ಟ ಪದರ. ಇದನ್ನೆಲ್ಲ ಸರಿಯಾಗಿ ಮಾಡುವ ಬದಲು ಆ ಕಂಪನಿ ದುಡ್ಡನ್ನು ಕಾರ್ಬನ್ ಫೈಬರಿಗೆ ಹಾಕಿತ್ತು. ಫೋಟೋದಲ್ಲಿ ಹಿಡಿ ಚೆನ್ನಾಗಿ ಕಾಣುತ್ತೆ, ಅಲ್ವಾ?

ಹಾಗಂತ ಎಲ್ಲರೂ ದುಬಾರಿ ಪುಡಿ ಸ್ಟೀಲನ್ನೇ ಕೊಳ್ಳಬೇಕು ಅಂತ ನಾನು ಹೇಳುತ್ತಿಲ್ಲ. ವನೇಡಿಯಂ ಜಾಸ್ತಿ ಇರುವ ಅಲಗನ್ನು ಸೈಕಲ್ ಮೇಲೆ ಬರುವ ಸಾಣೆಯವರಿಗೆ ಕೊಟ್ಟರೆ ಕಿಡಿ ಹಾರುತ್ತದೆಯೇ ಹೊರತು ಹರಿತ ಬರುವುದಿಲ್ಲ. ಮೇಲಿಂದ ಬಾಯಿ ಸುಟ್ಟು ಹದವೂ ಹೋಗುತ್ತದೆ. ಮನೆಯಲ್ಲಿ ಡೈಮಂಡ್ ಪ್ಲೇಟ್ ಇಟ್ಟುಕೊಂಡು ಮಸೆಯುವ ತಾಳ್ಮೆ ಇದ್ದವರಿಗೆ ಮಾತ್ರ ಅದು ಸರಿ. ಉಳಿದವರಿಗೆ ವಿಜಿ-10 ಸಾಕು. ಅಡುಗೆಮನೆಗೆ ಅದೂ ಬೇಡ.

ನನ್ನ ಕೇಳಿಕೆ ಎರಡು. ನೀವು ಮುಂದೆ ಚಾಕುಗಳ ಬಗ್ಗೆ ಬರೆಸಿದರೆ ಸ್ಟೀಲಿನ ಹೆಸರಿನ ಜೊತೆ ರಾಕ್‌ವೆಲ್ ಸಂಖ್ಯೆಯನ್ನೂ ಕೇಳಿ ಹಾಕಿಸಿ. ಕಂಪನಿ ಹೇಳದಿದ್ದರೆ ‘ಹೇಳಲಿಲ್ಲ’ ಅಂತಲೇ ಅಚ್ಚು ಮಾಡಿ. ಎರಡನೆಯದು ಪೀಣ್ಯದ ಹುಡುಗರಿಗೆ. ಎಚ್‌ಸಿಎಚ್‌ಸಿಆರ್ ಪಟ್ಟಿ ನಿಮ್ಮಲ್ಲಿದೆ, ಕಿಲೋ ಲೆಕ್ಕದಲ್ಲಿ ಹದ ಹಾಕಿಕೊಡುವ ವ್ಯಾಕ್ಯೂಮ್ ಕುಲುಮೆಗಳು ಅಕ್ಕಪಕ್ಕದ ರಸ್ತೆಯಲ್ಲೇ ಇವೆ, ನೈಲಾನ್ ಮೋಲ್ಡಿಂಗ್ ಮಾಡುವವರು ಬೇಕಾದಷ್ಟಿದ್ದಾರೆ. ಮರದ ಹಿಡಿಗೆ ಕೆತ್ತನೆ ಮಾಡಿಸಿ ಉಡುಗೊರೆ ಚಾಕು ಮಾರುವುದು ಬಿಟ್ಟು, ಕರಿ ನೈಲಾನ್ ಹಿಡಿಯ, 60 ಗಡಸುತನದ ಒಂದು ಮಡಚುವ ಚಾಕು ಮಾಡಿ. ನಮ್ಮೂರ ಸೊಸೈಟಿಯಲ್ಲೇ ಮಾರಾಟವಾಗುತ್ತದೆ.

ಈಗಾಗಲೇ ಚಾಕು ಕೊಂಡು ಅನುಮಾನ ಇರುವವರು ಯಾವುದಾದರೂ ಹೀಟ್ ಟ್ರೀಟ್‌ಮೆಂಟ್ ಅಂಗಡಿಯಲ್ಲಿ ರಾಕ್‌ವೆಲ್ ನೋಡಿಸಬಹುದು. ಅಲಗನ್ನು ಹಿಡಿಯಿಂದ ಬಿಚ್ಚಿ ಒಯ್ಯಿರಿ. ಅರೆದು ಇಳಿಜಾರು ಮಾಡಿದ ಜಾಗದಲ್ಲಿ ಒತ್ತಿದರೆ ಸಂಖ್ಯೆ ತಪ್ಪು ಬರುತ್ತದೆ. ಹಿಡಿಯೊಳಗೆ ಹೋಗುವ ಸಮತಟ್ಟಾದ ಭಾಗದಲ್ಲೇ ಒತ್ತಿಸಿ. ಗುರುತು ಬೀಳುತ್ತದೆ ನಿಜ, ಆದರೆ ಸಾಸಿವೆ ಕಾಳಿಗಿಂತ ಚಿಕ್ಕದು, ಜೋಡಿಸಿದ ಮೇಲೆ ಕಾಣುವುದೂ ಇಲ್ಲ. ಮಷಿನ್ ಹತ್ತಿರದಲ್ಲಿ ಇಲ್ಲದವರು ಅದೇ ಜಾಗಕ್ಕೆ ಹೊಸ ಅರವನ್ನು ಮೆಲ್ಲಗೆ ಉಜ್ಜಿ ನೋಡಿ. ಜಾರಿದರೆ ಸರಿ. ಕಚ್ಚಿ ಪುಡಿ ಉದುರಿದರೆ ಬಿಲ್ಲು ತೆಗೆದುಕೊಂಡು ಮಾರಿದವರನ್ನು ಕೇಳಿ.

ಇಂತಿ,
ಒಬ್ಬ ನಿವೃತ್ತ ಹೀಟ್ ಟ್ರೀಟ್‌ಮೆಂಟ್ ಕೆಲಸಗಾರ
ತೀರ್ಥಹಳ್ಳಿ ತಾಲ್ಲೂಕು